ಕಾಡಿನ ಬೆಗೋನಿಯಾ: ಹುಳಿ ಸೊಪ್ಪಿಗೂ ದಾಖಲೆ ಬೇಕು

ಬೆಗೋನಿಯಾ ಎಂದೊಡನೆ ಪೇಟೆಯ ಮನೆಗಳ ಹೂಕುಂಡ ನೆನಪಾಗುವುದು ಸಹಜ. ಆದರೆ ಇದೇ ಕುಲದ ಕಾಡು ಗಿಡಗಳು ಈಶಾನ್ಯ ರಾಜ್ಯಗಳಲ್ಲಿ ಊಟದ ಪದಾರ್ಥ. ಅಲ್ಲಿನ ಗುಡ್ಡಗಾಡಿನ ಜನರು ರಸಭರಿತ ದಂಟಿನ ಸಿಪ್ಪೆ ಸುಲಿದು ಉಪ್ಪು ಖಾರ ಸೇರಿಸಿ ತಿನ್ನುತ್ತಾರೆ. ಸೊಪ್ಪನ್ನು ಹುಳಿಗಾಗಿ ಅಡುಗೆಗೆ ಹಾಕುತ್ತಾರೆ. ನೇಪಾಳದಲ್ಲಿ ಉಪ್ಪಿನಕಾಯಿ ಮಾಡುವುದೂ ಉಂಟು. ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಬೆಗೋನಿಯಾ ಮಲಬಾರಿಕ ಎಂಬ ಜಾತಿ ಹಳ್ಳದಂಚಿನ ನೆರಳಿನಲ್ಲಿ ಬೆಳೆಯುತ್ತದೆ. ಎಲೆಯ ಎರಡು ಭಾಗಗಳು ಒಂದೇ ಸಮನಾಗಿಲ್ಲದಿರುವುದು ಈ ಕುಲದ ಗುರುತು.

ಇಂತಹ ಗಿಡಕ್ಕೆ ಹೊರಗಿನಿಂದ ಬೇಡಿಕೆ ಬಂದರೆ ಏನಾದೀತು? ಉಪ್ಪಾಗೆಯ ಅನುಭವ ನಮ್ಮ ಮುಂದಿದೆ. 1990ರ ದಶಕದಲ್ಲಿ ಅದರ ಸಿಪ್ಪೆಗೆ ವಿದೇಶದ ಬೇಡಿಕೆ ಏರಿದಾಗ ಎಳೆಗಾಯಿಗಳನ್ನೇ ಕಿತ್ತರು, ಕೊಂಬೆಗಳನ್ನು ಕಡಿದರು. ಮೆತ್ತನೆಯ ದಂಟಿನ ಬೆಗೋನಿಯಾವನ್ನು ಬೇರುಸಹಿತ ಕಿತ್ತರೆ ಮತ್ತೆ ಚಿಗುರಲು ಏನೂ ಉಳಿಯದು.

2002ರ ಜೀವವೈವಿಧ್ಯ ಕಾಯ್ದೆಯು ಕಂಪನಿಗಳ ಲಾಭದಲ್ಲಿ ಸ್ಥಳೀಯರಿಗೂ ಪಾಲು ದೊರೆಯಬೇಕೆಂದು ಹೇಳುತ್ತದೆ. 2023ರಲ್ಲಿ ತಿದ್ದುಪಡಿಯಾಗಿ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ, ಗ್ರಂಥಗಳಲ್ಲಿ ದಾಖಲಾದ ಪಾರಂಪರಿಕ ಜ್ಞಾನಕ್ಕೂ ಬೆಳೆಸಿದ ಔಷಧಿ ಗಿಡಗಳಿಗೂ ವಿನಾಯಿತಿ ಸಿಕ್ಕಿದೆ. ಬಾಯಿಂದ ಬಾಯಿಗೆ ಬಂದ ಅರಿವಿನ ಮೇಲೆ ಹಳ್ಳಿಯವರ ಹಕ್ಕು ಉಳಿದಿದೆ. ಆದರೆ ದಾಖಲೆಯಿಲ್ಲದ ಹಕ್ಕನ್ನು ಸಾಧಿಸುವುದು ಕಷ್ಟ. ಆದುದರಿಂದ ಗಿಡದ ಊರಹೆಸರು, ಸಿಗುವ ಜಾಗ, ಬಳಕೆ ಇವನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದಿಟ್ಟು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸುವುದು ಒಳ್ಳೆಯದು. ಹಿರಿಯರು, ಅದರಲ್ಲೂ ಹೆಣ್ಣುಮಕ್ಕಳು, ಹೇಳಿದ್ದನ್ನು ಬಿಡಬಾರದು.

ಬೆಳೆಸಲು ಆಸಕ್ತಿಯುಳ್ಳವರು ಅಡಿಕೆ ತೋಟದ ನೆರಳಿನಲ್ಲಿ ನಾಲ್ಕಾರು ದಂಟಿನ ತುಂಡು ನೆಟ್ಟು ನೋಡಬಹುದು. ಎಲೆಗೊಬ್ಬರದ ಸಡಿಲ ಮಣ್ಣು, ಸದಾ ತೇವ ಬೇಕು. ನೀರು ನಿಂತರೆ ಬುಡ ಕೊಳೆಯುತ್ತದೆ. ಮಾರುಕಟ್ಟೆ ಖಚಿತವಾಗುವ ಮುನ್ನ ಸಾಲ ಮಾಡಿ ಬೆಳೆಯುವುದು ಬೇಡ.

ತಿನ್ನುವವರಿಗೂ ಎಚ್ಚರ ಅಗತ್ಯ. ಹುಳಿಗೆ ಕಾರಣ ಆಕ್ಸಾಲಿಕ್ ಆಮ್ಲ. ಸೊಪ್ಪನ್ನು ಬೇಯಿಸಿ ನೀರು ಬಸಿದು, ಮಿತವಾಗಿ, ಮೊಸರಿನೊಡನೆ ಬಳಸಬೇಕು. ತಾಮ್ರ, ಅಲ್ಯೂಮಿನಿಯಂ ಪಾತ್ರೆ ಸಲ್ಲದು. ಮೂತ್ರಪಿಂಡದ ಕಲ್ಲಿನ ತೊಂದರೆಯಿರುವವರು ತಿನ್ನಬಾರದು. ನರ್ಸರಿಯ ಹೂಗಿಡಕ್ಕೆ ಕೀಟನಾಶಕ ಸಿಂಪಡಿಸಿರುವುದರಿಂದ ಅದನ್ನೂ ಬಾಯಿಗಿಡಬಾರದು. ಗುರುತು ಬಲ್ಲವರು ತೋರಿಸದ ಗಿಡವನ್ನಂತೂ ಮುಟ್ಟದಿರುವುದೇ ಲೇಸು.