ಸಿಂಪ್ಯೂಟರಿನ ಜಮಾ–ಖರ್ಚು

ಇಂದು ನಮ್ಮೆಲ್ಲರ ಅಂಗೈಯಲ್ಲಿ ರಾರಾಜಿಸುತ್ತಿರುವ ಸ್ಮಾರ್ಟ್‌ಫೋನಿನ ಪೂರ್ವಜರಲ್ಲೊಂದು ನಮ್ಮ ಬೆಂಗಳೂರಿನಲ್ಲಿಯೇ ಜನ್ಮ ತಾಳಿತ್ತೆಂಬ ಸಂಗತಿಯನ್ನು ಹಲವರು ಮರೆತಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೊಡಗೂಡಿ ರೂಪಿಸಿ, 2001ರಲ್ಲಿ ಜನರ ಮುಂದಿಟ್ಟ ‘ಸಿಂಪ್ಯೂಟರ್’ ಎಂಬ ಕೈಗಣಕವೇ ಅದು. ಅದರ ಗುಣದೋಷಗಳನ್ನು ಲೆಕ್ಕಪುಸ್ತಕದ ಎರಡು ಪುಟಗಳಲ್ಲಿ ಬರೆದು ನೋಡುವುದು ಇಂದಿಗೂ ಪ್ರಯೋಜನಕರವೆಂದು ನನ್ನ ಅಭಿಪ್ರಾಯ.

ಮೊದಲು ಜಮೆಯ ಪುಟ. ಕಡ್ಡಿಯಿಂದ ಪರದೆಯನ್ನು ಮುಟ್ಟಿದರೆ ಸಾಕು, ಕೀಲಿಮಣೆಯ ಅಗತ್ಯವಿರಲಿಲ್ಲ. ಉಚಿತವಾದ ಲಿನಕ್ಸ್ ತಂತ್ರಾಂಶದಿಂದ ಅದು ನಡೆಯುತ್ತಿತ್ತು. ಬರಹವನ್ನು ಕನ್ನಡ, ಹಿಂದಿ ಮುಂತಾದ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವಂತೆ ಅದನ್ನು ರೂಪಿಸಲಾಗಿದ್ದುದರಿಂದ ಅನಕ್ಷರಸ್ಥನೂ ಅದರ ಬಳಕೆದಾರನಾಗಬಹುದಿತ್ತು. ಎಲ್ಲಕ್ಕಿಂತ ಮಿಗಿಲಾದದ್ದು ಸ್ಮಾರ್ಟ್ ಕಾರ್ಡ್‌ನ ವ್ಯವಸ್ಥೆ. ಊರಿಗೆ ಯಂತ್ರ ಒಂದೇ ಇರಲಿ, ಕಾರ್ಡು ಮಾತ್ರ ಪ್ರತಿಯೊಬ್ಬನಿಗೂ ಬೇರೆ. ಬ್ಯಾಂಕಿನ ಕೌಂಟರ್ ಸಾರ್ವಜನಿಕವಾದರೂ ಪಾಸ್‌ಬುಕ್ ಖಾತೆದಾರನದೇ ಆಗಿರುವಂತೆ!

ಇನ್ನು ಖರ್ಚಿನ ಪುಟ. ಸುಮಾರು 9,000 ರೂಪಾಯಿಗಳಿಗೆ ದೊರೆಯಬೇಕೆಂಬುದು ಮೂಲ ಆಶಯವಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ ‘ಅಮಿಡ’ ಹೆಸರಿನಿಂದ ಮಾರುಕಟ್ಟೆಗೆ ಬಂದಾಗ ಬೆಲೆ 10,000ದ ಆಸುಪಾಸಿನಿಂದ ಆರಂಭವಾಗಿ, ಮೇಲಿನ ಮಾದರಿಗೆ ಅದರ ಇಮ್ಮಡಿಯಷ್ಟಾಯಿತು. ಬಳಸಬೇಕಾದವನು ಬಡ ರೈತ; ಕೊಳ್ಳಬೇಕಾದದ್ದು ಪಂಚಾಯಿತಿ ಅಥವಾ ಸಹಕಾರ ಸಂಘ. ಹೀಗೆ ಬಳಸುವವನೊಬ್ಬ, ಕೊಳ್ಳುವವನಿನ್ನೊಬ್ಬನಾದಾಗ ವ್ಯಾಪಾರ ಕುದುರುವುದು ಕಷ್ಟ. ಅದು ಸ್ವತಃ ದೂರವಾಣಿಯಾಗಿರದೇ ಹೋದದ್ದು ಇನ್ನೊಂದು ಕೊರತೆ. 2003ರಲ್ಲಿಯೇ ರಿಲಯನ್ಸ್ ಸಂಸ್ಥೆ 501 ರೂಪಾಯಿಗಳ ಮುಂಗಡಕ್ಕೆ ಮೊಬೈಲನ್ನು ಕೈಗಿಡತೊಡಗಿತ್ತು. ಜನರಿಗೆ ಮೊದಲು ಬೇಕಾಗಿದ್ದದ್ದು ಮಾತು. 2005ರ ವೇಳೆಗೆ ಮಾರಾಟವಾದ ಸಿಂಪ್ಯೂಟರುಗಳು ಕೇವಲ 4,000ದಷ್ಟು.

ಹಾಗೆಂದು ಅದನ್ನು ಬರಿಯ ನಷ್ಟದ ಬಾಬತ್ತಿಗೆ ಸೇರಿಸುವುದು ನ್ಯಾಯವಲ್ಲ. 2007ರ ಮೊದಲ ಐಫೋನಿನಲ್ಲಿಯೂ 3ಜಿ ಸೌಲಭ್ಯವಿರಲಿಲ್ಲ, ಬರಹವನ್ನು ನಕಲು ಮಾಡಿ ಅಂಟಿಸುವ ಅನುಕೂಲವೂ ಇರಲಿಲ್ಲ. ಗಿರಾಕಿಗಳು ಕೈಹಿಡಿದುದರಿಂದ ಮುಂದಿನ ಆವೃತ್ತಿಗಳಲ್ಲಿ ಆ ದೋಷಗಳು ನೀಗಿದವು. ಹೆಚ್ಚು ತಯಾರಾಗದೆ ಬೆಲೆ ಇಳಿಯದು, ಬೆಲೆ ಇಳಿಯದೆ ಹೆಚ್ಚು ಮಾರಾಟವಾಗದು. ಈ ಚಕ್ರವನ್ನು ಭೇದಿಸಲು ಸಿಂಪ್ಯೂಟರಿಗೆ ಸಾಕಷ್ಟು ಗಿರಾಕಿಗಳು ದೊರೆಯಲಿಲ್ಲ.

ಆದರೆ ಅದು ಎತ್ತಿದ ಪ್ರಶ್ನೆ ಇನ್ನೂ ಜೀವಂತವಾಗಿದೆ. ಇಂದಿನ ಫೋನು ಒಬ್ಬನಿಗೆ ಒಂದೆಂಬ ಭಾವನೆಯಿಂದ ನಿರ್ಮಿತವಾದದ್ದು. ಸೂರತ್ತಿನ ಮಗ್ಗದ ಕಾರ್ಮಿಕರ ಕೋಣೆಗಳಲ್ಲಾಗಲಿ, ಅಹಮದಾಬಾದು, ವಡೋದರಾಗಳ ನಮ್ಮ ಮನೆಗಳಲ್ಲಾಗಲಿ ಒಂದು ಫೋನು ಹಲವು ಕೈಗಳನ್ನು ದಾಟುತ್ತದೆ. ಪರದೆಯ ಭಾಷೆ ಅರ್ಥವಾಗದ ಹಿರಿಯರು ಫೋನಿನೊಂದಿಗೆ ತಮ್ಮ ಗುಪ್ತ ಸಂಖ್ಯೆಯನ್ನೂ ಪರರಿಗೆ ಒಪ್ಪಿಸುವುದನ್ನು ಬ್ಯಾಂಕಿನಲ್ಲಿ ನಾವು ಪದೇ ಪದೇ ಕಾಣುತ್ತೇವೆ. ವಂಚಕನಿಗೆ ಇದಕ್ಕಿಂತ ಸುಲಭದ ಬಾಗಿಲು ಬೇರೊಂದಿಲ್ಲ. ಅಂಗಡಿಯ ಮೈಕ್ರೋ ಎಟಿಎಂನಲ್ಲಿ ಯಂತ್ರ ಅಂಗಡಿಯವನದು, ಬೆರಳಚ್ಚು ಮಾತ್ರ ಖಾತೆದಾರನದು. ಸಿಂಪ್ಯೂಟರಿನ ತತ್ತ್ವವೂ ಇದೇ ಆಗಿತ್ತು.

ಆದುದರಿಂದ ನಮ್ಮ ಕನ್ನಡ ಬಾಂಧವರಲ್ಲಿ ಒಂದು ವಿನಂತಿ. ಮನೆಯ ಹಿರಿಯರ ಫೋನನ್ನು ಕನ್ನಡಕ್ಕೆ ಬದಲಿಸಿಕೊಡಿ. ಬರಹವನ್ನು ಓದಿ ಹೇಳುವ ಸೌಲಭ್ಯವನ್ನು ತೆರೆದುಕೊಡಿ. ಔಷಧಿಯ ವೇಳೆಯನ್ನು ಕನ್ನಡದಲ್ಲಿಯೇ ಬರೆದಿಡಿ. ಅವರ ಗುಪ್ತ ಸಂಖ್ಯೆಯನ್ನು ಮಾತ್ರ ನೀವೂ ಕೇಳಬೇಡಿ. ಸಂಘದ ಕಾರ್ಯಕ್ರಮದ ದಿನ ಒಂದು ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ, ಸಿಂಪ್ಯೂಟರ್ ಕಂಡ ಕನಸಿನ ಒಂದಂಶವಾದರೂ ಈ ಗುರ್ಜರ ಭೂಮಿಯಲ್ಲಿ ನಮ್ಮಿಂದ ನನಸಾದೀತು.