ಕಲ್ಲಿದ್ದಲಿನ ಅನಿಲವೂ ಕಬ್ಬಿಣದ ಕಾವಲಿಯೂ

ಕಲ್ಲಿದ್ದಲನ್ನು ಅನಿಲವಾಗಿ ಮಾರ್ಪಡಿಸುವ ಉದ್ಯಮಗಳಿಗೆ 8,500 ಕೋಟಿ ರೂಪಾಯಿಗಳ ಪ್ರೋತ್ಸಾಹಧನವನ್ನು ಕೊಡಲು ಕೇಂದ್ರ ಮಂತ್ರಿಮಂಡಲವು 2024ರ ಜನವರಿಯಲ್ಲಿ ಒಪ್ಪಿಗೆಯಿತ್ತ ಸಂಗತಿಯು ನಮ್ಮ ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು. 2030ರೊಳಗಾಗಿ ವರ್ಷಕ್ಕೆ ಹತ್ತು ಕೋಟಿ ಟನ್ ಕಲ್ಲಿದ್ದಲನ್ನು ಈ ರೀತಿಯಲ್ಲಿ ಉಪಯೋಗಿಸಬೇಕೆಂಬುದು ಸರಕಾರದ ಸಂಕಲ್ಪ. ಸುದ್ದಿಯನ್ನು ಓದಿ ಪುಟ ಮಗುಚಿದವರೇ ಹೆಚ್ಚಾಗಿರಬೇಕು. ಗಲ್ಲಾದಲ್ಲಿ ಕುಳಿತವರಿಗೂ, ಕಾವಲಿಯ ಮುಂದೆ ನಿಂತವರಿಗೂ, ಕಚೇರಿಯ ಕಡತಗಳ ನಡುವೆ ದಿನಗಳೆಯುವವರಿಗೂ ಇದರಿಂದ ಆಗಬೇಕಾದುದೇನೆಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ಆದರೆ ಆಗಬೇಕಾದುದು ಬಹಳವಿದೆಯೆಂದೇ ನಮ್ಮ ಅಭಿಪ್ರಾಯ.

ನಮ್ಮ ದೇಶವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85 ಪಾಲಿಗಿಂತಲೂ ಹೆಚ್ಚು ಹೊರಗಿನಿಂದ ಬರುತ್ತದೆ. ಅಡಿಗೆಯ ಅನಿಲದ ಲೆಕ್ಕದಲ್ಲಿಯೂ ಈ ದಶಕದ ಮೊದಲ ವರ್ಷಗಳಲ್ಲಿ ಹೊರಗಿನ ಪಾಲು ನೂರಕ್ಕೆ ಸುಮಾರು 60ರಷ್ಟಿದ್ದಿತು. ಪರ್ಷಿಯಾ ಕೊಲ್ಲಿಯಲ್ಲಿ ಗುಂಡಿನ ಸದ್ದಾದರೆ ಮಾಟುಂಗದ ಹೋಟೆಲಿನ 19 ಕಿಲೋ ಸಿಲಿಂಡರಿಗೆ ಅದರ ಬಿಸಿ ತಟ್ಟುತ್ತದೆ. ಸಿಲಿಂಡರಿನ ಬೆಲೆ ಏರಿದರೆ ತಿಂಡಿಯ ದರದ ಹಲಗೆಯನ್ನು ತಿದ್ದಬೇಕು. ಹಲಗೆ ತಿದ್ದಿದರೆ ಗಿರಾಕಿ ಇಳಿಯುತ್ತದೆ. ಗಿರಾಕಿ ಇಳಿದಾಗ ಮಾಲಕರ ದೃಷ್ಟಿ ಮೊದಲು ಬೀಳುವುದು ಕೆಲಸದವರ ಸಂಖ್ಯೆಯ ಮೇಲೆ. ಕಲ್ಲಿದ್ದಲಾದರೋ ನಮ್ಮ ನೆಲದಲ್ಲಿಯೇ ಇದೆ. ಅದರಿಂದ ಪೆಟ್ರೋಲು, ಡೀಸೆಲು, ಉರಿಯುವ ಅನಿಲ ಇವುಗಳನ್ನು ಮಾಡಲು ಬರುವುದಾದರೆ ಏಕೆ ಮಾಡಬಾರದು?

ಮಾಡಲು ಬರುತ್ತದೆ, ಜಗತ್ತು ಮಾಡಿಯೂ ಇದೆ. ಆದರೆ ಈ ವಿದ್ಯೆಯ ಮರ್ಮವು ಕುಲುಮೆಯಲ್ಲಿಲ್ಲ, ಕೊಳವೆಗಳಲ್ಲಿಯೂ ಇಲ್ಲ. ಅದು ಕ್ರಿಯಾವರ್ಧಕವೆಂಬ ಒಂದು ಹಿಡಿ ಪುಡಿಯಲ್ಲಿದೆ. ಸರಕಾರದ ಹಣವು ಕುಲುಮೆಗಳ ಕಡೆಗೆ ಧಾರಾಳವಾಗಿಯೂ ಆ ಪುಡಿಯ ಕಡೆಗೆ ತೊಟ್ಟುತೊಟ್ಟಾಗಿಯೂ ಹರಿಯುತ್ತಿದೆಯೆಂಬುದೇ ನಾವು ಈ ಲೇಖನವನ್ನು ಬರೆಯಲು ಕಾರಣ.

ಮುಂಬಯಿಯ ಹಳಬರಿಗೆ ಕಲ್ಲಿದ್ದಲಿನ ಗ್ಯಾಸು ಹೊಸತಲ್ಲ. ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಸಿ ತೆಗೆದ ಅನಿಲವನ್ನು ನೆಲದಡಿಯ ನಳಿಗೆಗಳಲ್ಲಿ ಹರಿಸಿ ಬೀದಿದೀಪಗಳನ್ನು ಉರಿಸಿದ ನಗರವಿದು. ನಾವೀಗ ಹೇಳುತ್ತಿರುವುದು ಅದರ ದಾಯಾದಿ. ನಿಗಿನಿಗಿ ಕೆಂಡದ ಮೇಲೆ ಆಮ್ಲಜನಕವನ್ನೂ ನೀರಿನ ಹಬೆಯನ್ನೂ ಹಾಯಿಸಿದರೆ ಜಲಜನಕ ಮತ್ತು ಕಾರ್ಬನ್ ಮೊನಾಕ್ಸೈಡ್ ಎಂಬ ಎರಡು ಅನಿಲಗಳ ಮಿಶ್ರಣವು ಹೊರಬರುತ್ತದೆ. ಇದಕ್ಕೆ ಸಂಶ್ಲೇಷಣಾನಿಲವೆಂದು ಹೆಸರು. ಇವುಗಳಲ್ಲಿ ಎರಡನೆಯದು, ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಶೆಗಡಿಯಿಟ್ಟು ಮಲಗಿದವರ ಪ್ರಾಣವನ್ನು ಸದ್ದಿಲ್ಲದೆ ತೆಗೆಯುವ ಅದೇ ವಿಷ. ಕಲ್ಲಿದ್ದಲೇ ಆಗಬೇಕೆಂದಿಲ್ಲ, ನೈಸರ್ಗಿಕ ಅನಿಲದಿಂದಲೂ, ಕಟ್ಟಿಗೆಯಿಂದಲೂ, ಕಬ್ಬಿನ ಸಿಪ್ಪೆಯಿಂದಲೂ ಸಂಶ್ಲೇಷಣಾನಿಲವನ್ನು ತೆಗೆಯಬಹುದು.

ಈ ಎರಡು ಅನಿಲಗಳನ್ನು ಸುಮ್ಮನೆ ಒಂದು ಪಾತ್ರೆಯಲ್ಲಿ ತುಂಬಿ ಕಾಸಿದರೆ ಎಣ್ಣೆಯಾಗುವುದಿಲ್ಲ. ತಕ್ಕ ಲೋಹದ ಮೈಯನ್ನು ಮುಟ್ಟಬೇಕು. ಆಗ ಕಾರ್ಬನ್ ಮೊನಾಕ್ಸೈಡು ಒಡೆಯುತ್ತದೆ. ಅದರ ಆಮ್ಲಜನಕವು ನೀರಾಗಿಯೋ ಇಂಗಾಲಾಮ್ಲವಾಗಿಯೋ ಹೊರಟುಹೋಗುತ್ತದೆ. ಉಳಿದ ಇಂಗಾಲದ ಕಣವು ಜಲಜನಕವನ್ನು ಕೂಡಿಕೊಂಡು, ಪಕ್ಕದ ಕಣದೊಡನೆ ಕೈಹಿಡಿದು, ಹೂವಿಗೆ ಹೂ ಪೋಣಿಸಿದಂತೆ ಮಾಲೆಯಾಗುತ್ತದೆ. ಒಂದೇ ಹೂವಿನಲ್ಲಿ ನಿಂತರೆ ಮಿಥೇನ್, ಮೂರು ನಾಲ್ಕಾದರೆ ಸಿಲಿಂಡರಿನ ಅನಿಲ, ಎಂಟರ ಆಸುಪಾಸಿನಲ್ಲಿ ಪೆಟ್ರೋಲು, ಹದಿನೈದರ ಆಸುಪಾಸಿನಲ್ಲಿ ಡೀಸೆಲು, ಮೂವತ್ತು ನಲವತ್ತಾದರೆ ಮೇಣ. ಎಷ್ಟು ಹೂವಿಗೆ ಮಾಲೆ ನಿಲ್ಲಬೇಕೆಂದು ಕಟ್ಟಪ್ಪಣೆ ಮಾಡಲು ಬರುವುದಿಲ್ಲ. ಒಂದೊಂದು ಹೆಜ್ಜೆಯಲ್ಲಿಯೂ ಬೆಳೆಯುವ ಸಂಭವ ಇಷ್ಟು, ಕಳಚಿಕೊಳ್ಳುವ ಸಂಭವ ಇಷ್ಟು ಎಂದಿರುತ್ತದೆ. ಆ ಸಂಭವವನ್ನು ಬೇಕಾದ ಕಡೆಗೆ ಸ್ವಲ್ಪ ಬಾಗಿಸುವುದೇ ಕ್ರಿಯಾವರ್ಧಕವನ್ನು ಮಾಡುವವನ ಜಾಣ್ಮೆ.

ಕ್ರಿಯಾವರ್ಧಕವೆಂದರೇನೆಂದು ಕೇಳಿದಾಗ ಶಾಲೆಯ ಮಾಸ್ತರರು ಹಾಲಿಗೆ ಹಾಕುವ ಹೆಪ್ಪಿನ ಉಪಮಾನವನ್ನು ಕೊಡುವುದುಂಟು. ಅದು ಪೂರ್ತಿ ಸರಿಯಲ್ಲ. ಹೆಪ್ಪು ಹಾಲಿನಲ್ಲಿ ಬೆರೆತುಹೋಗುತ್ತದೆ. ನಮ್ಮ ವಾಚಕರಿಗೆ ಕಾವಲಿಯ ಉಪಮಾನವೇ ಮೇಲು. ದೋಸೆ ಏಳುವುದು ಕಾವಲಿಯ ಮೇಲೆ. ಆದರೆ ದೋಸೆಯೊಡನೆ ಕಾವಲಿಯು ಗಿರಾಕಿಯ ತಟ್ಟೆಗೆ ಹೋಗುವುದಿಲ್ಲ. ಅಂಗಡಿಯಿಂದ ತಂದ ಹೊಸ ಕಬ್ಬಿಣದ ಕಾವಲಿಯ ಮೇಲೆ ದೋಸೆ ಹೊಯ್ದರೆ ಏನಾಗುವುದೆಂಬುದು ಭಟ್ಟರಿಗೆಲ್ಲ ಗೊತ್ತು. ಅದನ್ನು ಮೊದಲು ಪಳಗಿಸಬೇಕು. ಇಲ್ಲಿಯೂ ಹಾಗೆಯೇ. ಕಬ್ಬಿಣವನ್ನು ತುಕ್ಕಿನಂಥ ಆಕ್ಸೈಡಿನ ರೂಪದಲ್ಲಿ ಒಳಗಿಟ್ಟು, ಅದರ ಮೇಲೆ ಅನಿಲವನ್ನು ಹದವರಿತು ಹಾಯಿಸಿದಾಗ ಅದು ಇಂಗಾಲವನ್ನು ಹೀರಿ ಕಾರ್ಬೈಡಾಗುತ್ತದೆ. ನಿಜವಾದ ಕೆಲಸ ಮಾಡುವುದು ಅದು. ತುಸು ತಾಮ್ರವಿದ್ದರೆ ಪಳಗುವುದು ಸುಲಭ. ತುಸು ಪೊಟ್ಯಾಸಿಯಂ ಇದ್ದರೆ ಮಾಲೆ ಉದ್ದವಾಗುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು. ಕಾವಲಿಗೆ ಕೆಳಗಿನಿಂದ ಉರಿ ಬೇಕು. ಇಲ್ಲಿ ಕ್ರಿಯೆಯೇ ಉರಿಯನ್ನು ಹುಟ್ಟಿಸುತ್ತದೆ, ಅದೂ ಅತಿಯಾಗಿ. ಹಿಟ್ಟು ಹೊಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸುವಂತೆ, ಇಲ್ಲಿಯೂ ನೀರಿನ ಕೊಳವೆಗಳನ್ನು ಹಾಯಿಸಿ ಶಾಖವನ್ನು ಎಡೆಬಿಡದೆ ತೆಗೆಯುತ್ತಿರಬೇಕು. ತಪ್ಪಿದರೆ ಎಣ್ಣೆಗೆ ಬದಲು ಮಿಥೇನೇ ಹೆಚ್ಚುತ್ತದೆ, ಪುಡಿಯ ಮೇಲೆ ಮಸಿ ಕಟ್ಟುತ್ತದೆ. ಗಂಧಕವಂತೂ ಇದಕ್ಕೆ ಹಾಲಾಹಲ. ಅನಿಲದ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿನಷ್ಟೂ ಗಂಧಕ ಉಳಿಯದಂತೆ ತೊಳೆದು ಕಳುಹಿಸಬೇಕಾಗುತ್ತದೆ.

ಈ ವಿದ್ಯೆಯ ಚರಿತ್ರೆಯು ಒತ್ತಾಯದ ಚರಿತ್ರೆ. ನಿಕಲ್ ಲೋಹದ ಮೇಲೆ ಈ ಅನಿಲಗಳು ಮಿಥೇನ್ ಆಗುವುದನ್ನು ಫ್ರಾನ್ಸಿನ ಸಾಬಾತಿಯೆ ಮತ್ತು ಸಾಂಡೆರಾನರು 1902ರಲ್ಲಿಯೇ ತೋರಿಸಿದ್ದರು. ಜರ್ಮನಿಯ ಮ್ಯೂಲ್‌ಹೈಮ್ ನಗರದ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯಲ್ಲಿ ಫ್ರಾನ್ಸ್ ಫಿಷರ್ ಮತ್ತು ಹಾನ್ಸ್ ಟ್ರೋಪ್ಶ್ ಎಂಬ ಪಂಡಿತರು 1920ರ ದಶಕದಲ್ಲಿ ಕಬ್ಬಿಣ ಮತ್ತು ಕೋಬಾಲ್ಟುಗಳ ಮೇಲೆ ದ್ರವರೂಪದ ಇಂಧನವನ್ನೇ ಪಡೆದರು. ತೈಲದ ಬಾವಿಗಳಿಲ್ಲದ ಜರ್ಮನಿಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥ ಒಂಬತ್ತು ಕಾರ್ಖಾನೆಗಳನ್ನು ನಡೆಸಿತು, ಎಲ್ಲದರಲ್ಲಿಯೂ ಕೋಬಾಲ್ಟೇ. ಯುದ್ಧ ಮುಗಿದು ಅರಬ್ ದೇಶಗಳ ತೈಲವು ಅಗ್ಗವಾಗಿ ಹರಿದುಬಂದಾಗ ಯೂರೋಪಿಗೆ ಇದು ಬೇಡವಾಯಿತು. ಆಗ ಇದನ್ನು ಕೈಗೆತ್ತಿಕೊಂಡುದು ದಕ್ಷಿಣ ಆಫ್ರಿಕ. 1950ರಲ್ಲಿ ಸ್ಥಾಪಿತವಾದ ಸಾಸೋಲ್ ಕಂಪೆನಿಯು 1955ರಲ್ಲಿ ಕಲ್ಲಿದ್ದಲಿನಿಂದ ಎಣ್ಣೆಯನ್ನು ತೆಗೆಯತೊಡಗಿತು. ವರ್ಣಭೇದ ನೀತಿಗಾಗಿ ಜಗತ್ತು ಆ ದೇಶಕ್ಕೆ ತೈಲವನ್ನು ನಿರಾಕರಿಸಿದ ಕಾಲದಲ್ಲಿ, 1980ರ ಸುಮಾರಿಗೆ, ಸೆಕುಂಡಾದಲ್ಲಿ ಭಾರೀ ಕಾರ್ಖಾನೆಗಳೆದ್ದವು. ಅವುಗಳ ಕ್ರಿಯಾವರ್ಧಕವು ಕಬ್ಬಿಣ. ಉಕ್ಕಿನ ಕಾರ್ಖಾನೆಯಲ್ಲಿ ಕಾದ ಉಕ್ಕಿನಿಂದ ಉದುರುವ ಹುರುಪೆಯನ್ನು ಕರಗಿಸಿ ಮಾಡಿದುದು. ಅನ್ಯಾಯದ ಆಳಿಕೆಯೊಂದು ತನ್ನನ್ನು ಉಳಿಸಿಕೊಳ್ಳಲು ಕಲಿತ ವಿದ್ಯೆಯಾದರೂ ವಿದ್ಯೆಯು ವಿದ್ಯೆಯೇ.

ಕೋಬಾಲ್ಟೋ ಕಬ್ಬಿಣವೋ ಎಂಬ ಪ್ರಶ್ನೆಯು ನಮಗೆ ಬರಿಯ ರಸಾಯನಶಾಸ್ತ್ರದ ಪ್ರಶ್ನೆಯಲ್ಲ. ಕೋಬಾಲ್ಟು ಹೆಚ್ಚು ಕಾಲ ಬಾಳುತ್ತದೆ, ಉದ್ದನೆಯ ಮಾಲೆಯನ್ನು ಕಟ್ಟುತ್ತದೆ. ಆದರೆ ಅದಕ್ಕೆ ಒಂದು ಪಾಲು ಕಾರ್ಬನ್ ಮೊನಾಕ್ಸೈಡಿಗೆ ಎರಡು ಪಾಲು ಜಲಜನಕ ಬೇಕು. ನೈಸರ್ಗಿಕ ಅನಿಲ ಹೇರಳವಾಗಿರುವ ಕತಾರಿನಲ್ಲಿ ಇದು ಒಪ್ಪುತ್ತದೆ. 2011ರಲ್ಲಿ ಉತ್ಪಾದನೆಗೆ ತೊಡಗಿದ ಅಲ್ಲಿಯ ಪರ್ಲ್ ಕಾರ್ಖಾನೆಯ ಸಾಮರ್ಥ್ಯ ದಿನಕ್ಕೆ 1,40,000 ಪೀಪಾಯಿ. ನಮ್ಮ ಕಲ್ಲಿದ್ದಲಿನ ಅನಿಲದಲ್ಲಿ ಜಲಜನಕವು ಕಡಿಮೆ. ಕಬ್ಬಿಣವಾದರೋ ನೀರಿನ ಹಬೆಯಿಂದ ಜಲಜನಕವನ್ನು ತಾನೇ ಬಿಡಿಸಿಕೊಂಡು ಕೊರತೆಯನ್ನು ತುಂಬಿಸಿಕೊಳ್ಳುತ್ತದೆ. ಮೇಲಾಗಿ, ಜಗತ್ತಿನ ಗಣಿಗಳ ಕೋಬಾಲ್ಟಿನಲ್ಲಿ ಮೂರರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು ಕಾಂಗೋ ದೇಶವೊಂದರಿಂದಲೇ ಬರುತ್ತದೆ. ಅರಬರ ತೈಲದ ಹಂಗನ್ನು ಬಿಟ್ಟು ಕಾಂಗೋದ ಕೋಬಾಲ್ಟಿನ ಹಂಗಿಗೆ ಬೀಳುವುದರಲ್ಲಿ ಯಾವ ಪುರುಷಾರ್ಥವಿದೆಯೋ ನಮಗೆ ತಿಳಿಯದು. ಕಬ್ಬಿಣದ ಹುರುಪೆಯು ನಮ್ಮ ತೋರಣಗಲ್ಲಿನಲ್ಲಿಯೇ ಸಿಗುತ್ತದೆ.

ಕನ್ನಡಿಗರು ಮರೆತಿರುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಜ್ಞಾನಚಂದ್ರ ಘೋಷರು ಇದೇ ಕ್ರಿಯಾವರ್ಧಕಗಳ ಅಧ್ಯಯನಕ್ಕೆ ಅಲ್ಲಿ ನಾಂದಿ ಹಾಡಿದರು. ಜಲಜನಕವನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಕೋಬಾಲ್ಟಿನ ಪುಡಿಯು ಹೇಗೆ, ಎಷ್ಟು ಹೀರಿಕೊಳ್ಳುತ್ತದೆಂಬುದನ್ನು ಅವರೂ ಅವರ ಸಹೋದ್ಯೋಗಿಗಳೂ ಅಳೆದರು. ಅವರ ಪ್ರಬಂಧಗಳನ್ನು ಅಮೆರಿಕದ ಶಾಸ್ತ್ರಪತ್ರಿಕೆಗಳು ಪ್ರಕಟಿಸಿದವು. ಮುಂದೆ ಘೋಷರು ಖರಗಪುರದ ತಾಂತ್ರಿಕ ವಿದ್ಯಾಲಯದ ಮೊದಲ ನಿರ್ದೇಶಕರಾದರು. ಧನಬಾದಿನ ಬಳಿ 1950ರಲ್ಲಿ ಇಂಧನ ಸಂಶೋಧನೆಗೆಂದೇ ಕೇಂದ್ರ ಸಂಸ್ಥೆಯೊಂದು ಬಾಗಿಲು ತೆರೆಯಿತು. ಚೀನೀಯರು ಇದನ್ನು ಮನಸ್ಸಿಟ್ಟು ಮಾಡುವುದಕ್ಕೆ ಎಷ್ಟೋ ಮೊದಲೇ ನಮ್ಮಲ್ಲಿ ಬೀಜ ಬಿದ್ದಿತ್ತೆಂಬುದನ್ನು ಹೇಳುವಾಗ ನಮಗೆ ಅಭಿಮಾನಕ್ಕಿಂತ ಸಂಕಟವೇ ಹೆಚ್ಚಾಗುತ್ತದೆ. ಏಕೆಂದರೆ 2016ರ ಕೊನೆಯಲ್ಲಿ ಚೀನದ ನಿಂಗ್‌ಶಿಯಾ ಪ್ರಾಂತದಲ್ಲಿ ವರ್ಷಕ್ಕೆ 40 ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆಯು ಉತ್ಪಾದನೆಗೆ ತೊಡಗಿತು. ಅದರೊಳಗಿನ ಕಬ್ಬಿಣದ ಕ್ರಿಯಾವರ್ಧಕವು ಚೀನೀಯರದೇ. ನಮ್ಮಲ್ಲಿಯೋ, 2009ರಲ್ಲಿ ಎಣ್ಣೆ ತೆಗೆಯಲೆಂದು ಒಡಿಶಾದಲ್ಲಿ ಎರಡು ಕಲ್ಲಿದ್ದಲಿನ ನಿಕ್ಷೇಪಗಳನ್ನು ಖಾಸಗಿ ಕಂಪೆನಿಗಳಿಗೆ ಹಂಚಲಾಯಿತು. 2014ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲ್ಲಿದ್ದಲಿನ ಹಂಚಿಕೆಗಳನ್ನು ಸಾರಾಸಗಟಾಗಿ ರದ್ದುಪಡಿಸಿದಾಗ ಅವೂ ಹೋದವು. ಎಣ್ಣೆಯ ಒಂದು ಹನಿಯನ್ನೂ ಯಾರೂ ಕಾಣಲಿಲ್ಲ.

ನಮ್ಮವರಿಗೆ ಕ್ರಿಯಾವರ್ಧಕಗಳನ್ನು ಮಾಡಲು ಬಾರದೆಂದು ಹೇಳುವವರು ಸಿಂದ್ರಿಯ ಕಡೆ ನೋಡಬೇಕು. ರಸಗೊಬ್ಬರದ ಕಾರ್ಖಾನೆಗಳಿಗೆ ಬೇಕಾದ ಕ್ರಿಯಾವರ್ಧಕಗಳನ್ನು ಅಲ್ಲಿ ನಮ್ಮವರೇ ಮಾಡಿ ಕೊಟ್ಟರು. ಹೈದರಾಬಾದಿನಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸಿನವರು ನಮ್ಮ ಬೂದಿ ತುಂಬಿದ ಕಲ್ಲಿದ್ದಲಿನಿಂದಲೇ ಅನಿಲ ತೆಗೆದು 2021ರಲ್ಲಿ ಮೆಥನಾಲನ್ನು ಮಾಡಿ ತೋರಿಸಿದರು; ದಿನಕ್ಕೆ ಕಾಲು ಟನ್ ಅಷ್ಟೇ, ಆದರೆ ತಮ್ಮದೇ ಯಂತ್ರದಿಂದ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಮೆಥನಾಲಿನಿಂದ ಡೈಮಿಥೈಲ್ ಈಥರನ್ನು ಮಾಡುವ ಕ್ರಿಯಾವರ್ಧಕವನ್ನು ಸಿದ್ಧಪಡಿಸಿದ್ದಾರೆ. ಇದು ಶುದ್ಧ ಹೈಡ್ರೊಕಾರ್ಬನ್ ಅಲ್ಲದಿದ್ದರೂ ಅಡಿಗೆಯ ಅನಿಲದೊಡನೆ ಬೆರೆಸಿ ಉರಿಸಬಹುದಾದುದು. ಪುಣೆಯ ಹೋಟೆಲುಗಳಲ್ಲಿ ಒಲೆಯ ಮುಂದೆ ನಿಂತ ನಮ್ಮವರಿಗೆ, ಕೆಲವೇ ಮೈಲಿಗಳಾಚೆ ತಮ್ಮ ಒಲೆಗಾಗಿ ಇಂಥದೊಂದು ಕೆಲಸ ನಡೆದಿದೆಯೆಂಬುದು ತಿಳಿದಿರಲಾರದು.

ಇನ್ನೊಂದು ಪಕ್ಷದ ಮಾತನ್ನೂ ಮರೆಮಾಚಬಾರದು. ಕಲ್ಲಿದ್ದಲಿನಿಂದ ಎಣ್ಣೆ ತೆಗೆಯುವುದು ಮಲಿನ ಕಾರ್ಯ. ಹೀಗೆ ತೆಗೆದ ಎಣ್ಣೆಯನ್ನು ಮಾಡಿ ಉರಿಸುವವರೆಗೆ ವಾತಾವರಣಕ್ಕೆ ಸೇರುವ ಇಂಗಾಲಾಮ್ಲವು ಬಾವಿಯ ತೈಲದ ಸುಮಾರು ಇಮ್ಮಡಿ. ಜಗತ್ತಿನಲ್ಲಿ ಒಂದೇ ಸ್ಥಳದಿಂದ ಅತಿ ಹೆಚ್ಚು ಹಸಿರುಮನೆ ಅನಿಲವನ್ನು ಉಗುಳುವ ಕಾರ್ಖಾನೆಗಳ ಸಾಲಿನಲ್ಲಿ ಸೆಕುಂಡಾದ ಹೆಸರೇ ಮೊದಲು ಬರುತ್ತದೆ. ಆದುದರಿಂದ ಊರೂರಿಗೆ ಇಂಥ ಕಾರ್ಖಾನೆಗಳು ಏಳಲಿ ಎಂದು ನಾವು ಹೇಳುವವರಲ್ಲ. ತೈಲ ಅಗ್ಗವಾದೊಡನೆ ಇವು ಬೊಕ್ಕಸಕ್ಕೆ ಭಾರವಾಗುವುದನ್ನೂ ಬಲ್ಲೆವು. ನಾವು ಹೇಳುವುದು ಬೇರೆ: ಕಾರ್ಖಾನೆಗೆ ಅವಸರವಿಲ್ಲ, ವಿದ್ಯೆಗೆ ಅವಸರವಿದೆ. ಕಲ್ಲಿದ್ದಲಿನ ಅನಿಲಕ್ಕೆ ಒಗ್ಗಿದ ಕಬ್ಬಿಣದ ಪುಡಿಯು ನಾಳೆ ಭತ್ತದ ಹುಲ್ಲಿನಿಂದಲೋ ನಗರದ ಕಸದಿಂದಲೋ ತೆಗೆದ ಅನಿಲಕ್ಕೂ, ತಕ್ಕ ತಿದ್ದುಪಡಿಯೊಡನೆ, ಒಗ್ಗುತ್ತದೆ. ಬಸ್ಸು ವಿದ್ಯುತ್ತಿನಿಂದ ಓಡಬಹುದು. ಸಾಗರವನ್ನು ದಾಟುವ ವಿಮಾನಕ್ಕೆ ದ್ರವ ಇಂಧನವು ಇನ್ನೂ ಬಹುಕಾಲ ಬೇಕಾಗುತ್ತದೆ. ಈ ಮಾರ್ಗದಿಂದ ತೆಗೆದ ವಿಮಾನದ ಎಣ್ಣೆಯನ್ನು ಅರ್ಧಕ್ಕೆ ಅರ್ಧ ಬೆರೆಸಿ ಬಳಸಲು 2009ರಲ್ಲಿಯೇ ಅಮೆರಿಕದ ಮಾನಕ ಸಂಸ್ಥೆಯು ಸಮ್ಮತಿಯಿತ್ತಿದೆ.

ಇನ್ನು ಹಣದ ಮಾತು. ಮಂತ್ರಿಮಂಡಲವು ಒಪ್ಪಿದ 8,500 ಕೋಟಿಯಲ್ಲಿ 4,050 ಕೋಟಿ ಸರಕಾರಿ ಉದ್ಯಮಗಳಿಗೆ. 3,850 ಕೋಟಿ ಸರಕಾರಿ ಮತ್ತು ಖಾಸಗಿ ಉದ್ಯಮಗಳೆರಡಕ್ಕೂ. ದೇಶೀಯ ತಂತ್ರಜ್ಞಾನದ ಪ್ರಾತ್ಯಕ್ಷಿಕೆಗೂ ಸಣ್ಣ ಘಟಕಗಳಿಗೂ ಸೇರಿ ಉಳಿದ 600 ಕೋಟಿ. ನೂರಕ್ಕೆ ಏಳು! ಆ ಏಳರಲ್ಲಿಯೂ ಕುಲುಮೆಯವರು ಕೈಚಾಚಿದ ಮೇಲೆ ಪುಡಿಯವರಿಗೆ ಉಳಿಯುವುದೇನು? ಈ ಯೋಜನೆಯಿಂದ ಹಣ ಪಡೆದು ಹೊರದೇಶದ ಯಂತ್ರವನ್ನು ತರಿಸುವ ಪ್ರತಿಯೊಂದು ಉದ್ಯಮವೂ ತನ್ನ ಅನಿಲದ ಒಂದು ಸಣ್ಣ ಕವಲನ್ನು ನಮ್ಮ ಪ್ರಯೋಗಾಲಯಗಳಿಗೆ ಬಿಟ್ಟುಕೊಡಬೇಕು. ಆ ಕವಲಿನ ಮೇಲೆ ಬೆಂಗಳೂರಿನವರು, ಪುಣೆಯವರು, ಧನಬಾದಿನವರು ತಮ್ಮತಮ್ಮ ಪುಡಿಗಳನ್ನು ತಿಂಗಳುಗಟ್ಟಲೆ ಓಡಿಸಿ ನೋಡುವಂತಾಗಬೇಕು. ಪ್ರಯೋಗಾಲಯದ ಶುದ್ಧ ಅನಿಲದ ಮೇಲೆ ಒಂದು ವಾರ ಚೆನ್ನಾಗಿ ನಡೆದ ಪುಡಿಯು ಕಾರ್ಖಾನೆಯ ಗಂಧಕದ ಮುಂದೆ ಎಷ್ಟು ದಿನ ನಿಲ್ಲುತ್ತದೆಂಬುದನ್ನು ತಿಳಿಯಲು ಬೇರೆ ಉಪಾಯವಿಲ್ಲ. ಇದನ್ನು ಹಣ ಕೊಡುವ ಷರತ್ತುಗಳಲ್ಲಿಯೇ ಬರೆಯಬೇಕೆಂದು ಮುಂಬಯಿ, ಪುಣೆ, ದಿಲ್ಲಿಗಳ ಕನ್ನಡಿಗರ ಸಂಘಗಳು ತಮ್ಮ ಲೋಕಸಭಾ ಸದಸ್ಯರಿಗೆ ಒಂದೊಂದು ಮನವಿಯನ್ನು ಕಳುಹಿಸಿದರೆ ಅದಕ್ಕೆ ತಗಲುವ ವೆಚ್ಚ ಅಂಚೆಯ ಕೂಲಿಯಷ್ಟೇ.