ಕಂಪನಿಯ ಪಾಲೆಷ್ಟು, ಶಾಲೆಯ ಪಾಲೆಷ್ಟು?

ಉದ್ಯಮವೂ ಶಾಲೆಯೂ ಕೈಜೋಡಿಸಿದರೆ ಊರಿನ ಮಕ್ಕಳಿಗೆ ಊರಿನಲ್ಲೇ ಕೆಲಸ ಸಿಗುತ್ತದೆ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರನೆಯ ತರಗತಿಯಿಂದಲೇ ವೃತ್ತಿಗಳ ಪರಿಚಯವಾಗಬೇಕೆಂದಿತು. ಒಡಂಬಡಿಕೆಗಳಿಗೆ ಸಹಿ ಬೀಳುತ್ತದೆ, ಹಾರ ತುರಾಯಿಗಳಾಗುತ್ತವೆ. ಈ ಪಾಲುದಾರಿಕೆಯಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾನಿರುವ ಕೋಲ್ಕತ್ತಾದಲ್ಲಿ ಈ ವಾಗ್ವಾದಕ್ಕೆ ನೂರು ವರ್ಷ ಮೀರಿದ ವಯಸ್ಸು. ಬಂಗಾಳ ವಿಭಜನೆಯ ಬೆನ್ನಿಗೇ, 1906ರಲ್ಲಿ, ಸ್ವದೇಶಿ ಶಿಕ್ಷಣವನ್ನು ಕಟ್ಟಹೊರಟವರು ಎರಡು ಪಂಗಡವಾದರು. ಸಾಹಿತ್ಯ, ವಿಜ್ಞಾನ, ತಂತ್ರವಿದ್ಯೆ ಮೂರೂ ಒಂದೇ ಸೂರಿನಡಿ ಇರಲಿ ಎಂದಿತು ರಾಷ್ಟ್ರೀಯ ಶಿಕ್ಷಣ ಪರಿಷತ್ತು. ಅದರ ಕಾಲೇಜಿಗೆ ಅರವಿಂದ ಘೋಷರು ಮೊದಲ ಪ್ರಾಂಶುಪಾಲರು. ನಾಡಿಗೆ ಮೊದಲು ಬೇಕಾದದ್ದು ತಂತ್ರವಿದ್ಯೆ ಎಂದ ತಾರಕನಾಥ ಪಾಲಿತರ ಬಳಗ ಬೇರೆಯೇ ತಾಂತ್ರಿಕ ಸಂಸ್ಥೆಯನ್ನು ತೆರೆಯಿತು. 1910ರಲ್ಲಿ ಎರಡೂ ಒಂದಾದವು. ಆ ಬೇರಿನಿಂದಲೇ 1955ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯ ಮೂಡಿತು; ಅಲ್ಲಿ ಇಂದಿಗೂ ಎಂಜಿನಿಯರಿಂಗ್ ಮತ್ತು ತೌಲನಿಕ ಸಾಹಿತ್ಯ ನೆರೆಹೊರೆಯಲ್ಲಿವೆ. ಜಗಳವಾಡಿದ ಎರಡು ಪಂಗಡಗಳೂ ನಾಡಿನ ಹೆಸರಿನಲ್ಲಿ ವಾದಿಸುತ್ತಿದ್ದವು, ಒಂದು ಕಾರ್ಖಾನೆಯ ಹೆಸರಿನಲ್ಲಿ ಅಲ್ಲ.

ಇಂದಿನ ಚಿತ್ರವೇ ಬೇರೆ. ನಮ್ಮ ನೆರೆಮನೆಯ ಹುಡುಗನೊಬ್ಬ 'ತರಬೇತಿ'ಯ ಹೆಸರಿನಲ್ಲಿ ವರ್ಷವಿಡೀ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚಿದ. ಕೊನೆಗೆ ಕೈಗೆ ಬಂದದ್ದು ಒಂದು ಪ್ರಮಾಣಪತ್ರ. ಅವನ ಜಾಗಕ್ಕೆ ಮರುತಿಂಗಳೇ ಮತ್ತೊಬ್ಬ 'ತರಬೇತಿ'ಯ ಹುಡುಗ ಬಂದ. ಇದು ಕಾನೂನಿಗೆ ಕಾಣದ ಸಂಗತಿಯೇನೂ ಅಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ದೃಷ್ಟಿಯಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು. ತರಬೇತಿ ಮುಗಿದ ಮೇಲೆ ಅವನಿಗೆ ಕೆಲಸ ಕೊಡಲೇಬೇಕೆಂಬ ಸಾಮಾನ್ಯ ಕಟ್ಟಳೆಯೂ ಇಲ್ಲ. ಕಲಿಯುವವನೆಂದು ಕರೆದು ದುಡಿಸಿಕೊಂಡರೆ ಕೂಲಿಯೂ ಉಳಿಯಿತು, ಹೊಣೆಯೂ ತಪ್ಪಿತು.

ಹಾಗಾದರೆ ಕೌಶಲವೇ ಬೇಡವೇ? ಹಾಗೆಂದರೆ ನಾನು ಆತ್ಮವಂಚಕನಾಗುತ್ತೇನೆ. ಇಂಗ್ಲಿಷ್ ಎಂ.ಎ. ಓದಿ, ಆ ಓದಿಗೆ ಸಂಬಂಧವೇ ಇಲ್ಲದ ಕಡತಗಳ ನಡುವೆ ಅನ್ನ ಕಂಡುಕೊಂಡವನು ನಾನು. ಬರಿಗೈಯ ಪದವಿಯ ಸಂಕಟ ನನಗೆ ಗೊತ್ತು. ಬಿಡದಿಯಲ್ಲಿ ಟೊಯೊಟಾ 2007ರಿಂದ ನಡೆಸುತ್ತಿರುವ ತಾಂತ್ರಿಕ ತರಬೇತಿ ಸಂಸ್ಥೆಯು ಗ್ರಾಮೀಣ ಬಡ ಮಕ್ಕಳನ್ನು ಆರಿಸಿ, ವಸತಿಯೊಡನೆ ಮೂರು ವರ್ಷ ಕಲಿಸುತ್ತದೆ. ಕಂಪನಿ ಮನಸ್ಸು ಮಾಡಿದರೆ ಕಲಿಸಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಮಕ್ಕಳ ಭವಿಷ್ಯವನ್ನು ಕಂಪನಿಗಳ ಮನಸ್ಸಿಗೆ ಬಿಟ್ಟು ಕೂರಲಾದೀತೇ?

ಆದ್ದರಿಂದ ಶಾಲೆಯ ಬಾಗಿಲಿಗೆ ಬರುವ ಪ್ರತಿ ಕಂಪನಿಯ ಮುಂದೆ ಮೂರು ಷರತ್ತುಗಳಿರಬೇಕು. ಒಂದು, ಎಷ್ಟು ಮಂದಿಗೆ, ಯಾವ ವೇತನಕ್ಕೆ ಕೆಲಸ ಎಂಬುದು ಒಡಂಬಡಿಕೆಯಲ್ಲೇ ಬರೆದಿರಲಿ. ಎರಡು, ಕಲಿಸುವ ವಿದ್ಯೆ ಆ ಗೇಟಿನಾಚೆಯೂ ನಡೆಯುವಂಥದ್ದಾಗಿರಲಿ. ಹೂಗ್ಲಿ ತೀರದ ಸೆಣಬಿನ ಗಿರಣಿಗಳಲ್ಲಿ ಕೆಲಸ ನಿಲ್ಲಿಸಿದ ನೋಟಿಸು ಗೇಟಿಗೆ ಬಿದ್ದ ದಿನ, ಒಂದೇ ಯಂತ್ರವನ್ನು ಬಲ್ಲವನು ಬೀದಿಯಲ್ಲಿ ನಿಲ್ಲುತ್ತಾನೆ. ಮೂರು, ಕೌಶಲದ ಹೆಸರಿನಲ್ಲಿ ಭಾಷೆಯ, ಚರಿತ್ರೆಯ ಒಂದು ಪೀರಿಯಡ್ಡೂ ಕಡಿತವಾಗಕೂಡದು.

ಮೂರನೆಯದನ್ನು ಸಾಹಿತ್ಯದ ವ್ಯಾಮೋಹವೆಂದು ನಗುವವರಿದ್ದಾರೆ. ತಾನು ಸಹಿ ಹಾಕುವ ಕರಾರನ್ನು ಓದಿ ಅರ್ಥ ಮಾಡಿಕೊಂಡು, 'ಇದು ಸರಿಯಲ್ಲ' ಎಂದು ಬರೆದು ಕೊಡಬಲ್ಲ ಕಾರ್ಮಿಕನಿಗೆ ಆ ಬಲ ಬರುವುದು ಭಾಷೆಯ ತರಗತಿಯಿಂದಲೇ. ಆ ತರಗತಿಯನ್ನು ಕಂಪನಿ ಕೇಳುವುದಿಲ್ಲ, ನಾವೇ ಕೇಳಬೇಕು.